‘ತಪ್ಪು’ ಅಂದ್ರೆ ಏನು? 1945ರ ಫೋಟೋಗಳು ಎತ್ತಿದ ಪ್ರಶ್ನೆ

‘ಕೊಲೆ ತಪ್ಪು’ ಅಂತೀವಿ. ಇದು ‘ಬೆಂಕಿ ಸುಡುತ್ತೆ’ ಅನ್ನೋ ಥರದ ಸತ್ಯಾನಾ, ಇಲ್ಲ ಬರೀ ‘ಛೀ!’ ಅನ್ನೋ ಉದ್ಗಾರಾನಾ?

1936ರಲ್ಲಿ ಇಂಗ್ಲೆಂಡಿನ ಎ.ಜೆ. ಏಯರ್ ‘ಲ್ಯಾಂಗ್ವೇಜ್, ಟ್ರೂತ್ ಆ್ಯಂಡ್ ಲಾಜಿಕ್’ ಪುಸ್ತಕ ತಂದರು. ಆಗ ಅವರಿಗೆ 25 ವರ್ಷ. ನೈತಿಕ ಮಾತು ಭಾವನೆಯನ್ನು ಹೊರಹಾಕುತ್ತೆ ಅಷ್ಟೇ, ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ ಅನ್ನೋದು ಅವರ ವಾದ.

1945ರಲ್ಲಿ ನಾಜಿ ಸೆರೆಶಿಬಿರಗಳ ಫೋಟೋಗಳು ಹೊರಬಂದವು. ಅವನ್ನು ನೋಡಿದ ಆಕ್ಸ್‌ಫರ್ಡ್‌ನ ಫಿಲಿಪ್ಪಾ ಫುಟ್‌ಗೆ ಈ ವಾದ ಒಪ್ಪಿಗೆಯಾಗಲಿಲ್ಲ. ‘ನಾಜಿಗಳಿಗೆ ಒಂದು ಭಾವನೆ, ನಮಗೆ ಇನ್ನೊಂದು’ ಅಂತ ಸುಮ್ಮನಾಗೋಕಾಗುತ್ತಾ? ಇದಕ್ಕೆ ಉತ್ತರ ಹುಡುಕೋದೇ ಅವರ ಜೀವಮಾನದ ಕೆಲಸವಾಯ್ತು.

‘ತಪ್ಪು’ ಪದದ ಅರ್ಥ ಹುಡುಕಿದರೆ ಅದು ಮೆಟಾಎಥಿಕ್ಸ್. ಹೇಗೆ ಬದುಕಬೇಕು ಅಂತ ಕೇಳಿದರೆ ನಾರ್ಮೇಟಿವ್ ಎಥಿಕ್ಸ್. ಯುದ್ಧ, ಗರ್ಭಪಾತದಂಥ ನಿರ್ದಿಷ್ಟ ವಿಷಯಕ್ಕೆ ಇಳಿದರೆ ಅಪ್ಲೈಡ್ ಎಥಿಕ್ಸ್. ಫುಟ್ ಮೂರರಲ್ಲೂ ಕೆಲಸ ಮಾಡಿದರು. ನೀವು ಮೀಮ್‌ಗಳಲ್ಲಿ ನೋಡೋ ಟ್ರಾಲಿ ಪ್ರಶ್ನೆ ಹುಟ್ಟಿದ್ದು 1967ರಲ್ಲಿ, ಗರ್ಭಪಾತದ ಬಗ್ಗೆ ಅವರು ಬರೆದ ಪ್ರಬಂಧದಲ್ಲಿ.

‘ಸರಿ-ತಪ್ಪು ಎಲ್ಲ ಅವರವರ ಫೀಲಿಂಗ್ ಅಷ್ಟೇ’ ಅಂತ ಯಾರಾದ್ರೂ ಅಂದ್ರೆ, ಆ ಫೋಟೋಗಳನ್ನು ನೋಡ್ತಾ ಅದೇ ಮಾತು ಹೇಳೋಕಾಗುತ್ತಾ ಅಂತ ಕೇಳಿ.