ಅರಸರ ಆಟದೆಲೆಗಳು

ವಾಚಕರೇ, ಇಂದಿನ ಮಕ್ಕಳು ಕಂಪ್ಯೂಟರಿನ ಪರದೆಯಲ್ಲಿ ವೀರರ ವೇಷ ತೊಟ್ಟು ರಾಜ್ಯಗಳನ್ನು ಗೆಲ್ಲುವುದನ್ನು ನೀವು ಕಂಡಿರಬಹುದು. ನಮ್ಮ ಮೈಸೂರಿನ ಅರಮನೆಯಲ್ಲಿ ಅಂಥ ರಾಜ್ಯಗಳು ಗಂಜೀಫಾ ಎಲೆಗಳ ಮೇಲಿದ್ದವು.

1831ರಲ್ಲಿ ಆಂಗ್ಲರು ಆಡಳಿತವನ್ನು ವಹಿಸಿಕೊಂಡಾಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅರಮನೆ ಉಳಿಯಿತು, ಅಧಿಕಾರ ಉಳಿಯಲಿಲ್ಲ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳದೇ ಪ್ರಪಂಚವಿದೆ. ದಶಾವತಾರದ ಕಟ್ಟಿಗೆ 120 ಎಲೆ. ಒಂದೊಂದು ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಎಣಿಕೆಯ ಎಲೆಗಳು. ಅರಸರು ಇಷ್ಟಕ್ಕೇ ನಿಲ್ಲದೆ 320 ಎಲೆಗಳ ಚಾಮುಂಡೇಶ್ವರಿಯ ಕಟ್ಟನ್ನೂ ಕಲ್ಪಿಸಿದರು. ಅಷ್ಟನ್ನು ನೆನಪಿಟ್ಟು ಆಡುವುದೇ ಒಂದು ಸಾಹಸ! ಬರಿಯ ಕಾಲಹರಣವೆಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸೊಪ್ಪದು. ಎಲೆಯ ಮೇಲಿನ ರಾಜನಿಗಾದರೂ ಮಂತ್ರಿ ಅಧೀನನಾಗಿದ್ದನಷ್ಟೆ.

ರಾಜ್ಯವನ್ನು ಮರಳಿ ಕೇಳುತ್ತಲೇ ಒಡೆಯರು 1868ರಲ್ಲಿ ಕಾಲವಾದರು. 1881ರಲ್ಲಿ ಅದು ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಸೇರಿತು.