ಆಶಾಳ ಒಪ್ಪಿಗೆ ಪತ್ರ

ಮಕ್ಕಳ ಪುಸ್ತಕಗಳಲ್ಲಿ ಮನೆ, ಸಂಸಾರ ಹೇಗೆ ಬಂದಿವೆ ಎಂದು ಚೀಟಿ ಬರೆದಿಡುವ ಚಾಳಿ ನನಗೆ ಹಳೆಯದು. ಒಂದು ದಿನ ಕೆನಡಾದ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಓದುತ್ತಿದ್ದಾಗ ‘ಆಶಾಸ್ ಮಮ್ಸ್’ ಎಂಬ ಪುಸ್ತಕದ ಹೆಸರು ಕಣ್ಣಿಗೆ ಬಿತ್ತು. ಆಶಾಳ ಅಮ್ಮಂದಿರು. ನಮ್ಮಲ್ಲಿ ಓಣಿಗೊಬ್ಬಳು ಸಿಗುವ ಆಶಾ ಅಷ್ಟು ದೂರದ ಕೋರ್ಟಿನ ಕಟ್ಟೆ ಹತ್ತಿದ್ದು ಹೇಗೆ? ದಾವೆ ಹುಟ್ಟಿದ್ದು ಬ್ರಿಟಿಷ್ ಕೊಲಂಬಿಯಾದ ಸರ್ರೆಯಲ್ಲಿ. ಪಂಜಾಬಿನಿಂದ ಹೋದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರು. ಹಾಗಾದರೆ ಇವಳು ಭಾರತದ ಮೂಲದ ಹುಡುಗಿಯೇ ಇರಬೇಕು ಎಂದು ಚೀಟಿಯಲ್ಲಿ ಬರೆದುಬಿಟ್ಟೆ.

ಆ ಚೀಟಿಯನ್ನು ಮುಂದೆ ಹರಿಯಬೇಕಾಯಿತು. ಪುಸ್ತಕದ ಆಶಾ ಆಫ್ರಿಕಾ ಮೂಲದ ಕೆನಡಾ ಹುಡುಗಿ. ಸ್ವಾಹಿಲಿ ಮಾತಿನವರಲ್ಲೂ ಆಶಾ ಎಂದು ಹೆಸರಿಡುತ್ತಾರೆ. ಅಲ್ಲಿ ಅದಕ್ಕೆ ಬದುಕು ಎಂಬ ಅರ್ಥ. ರೋಸಮಂಡ್ ಎಲ್ವಿನ್ ಮತ್ತು ಮಿಶೆಲ್ ಪಾಲ್ಸ್ ಬರೆದ ಈ ತೆಳ್ಳನೆಯ ಪುಸ್ತಕವನ್ನು ಟೊರಾಂಟೊದ ವಿಮೆನ್ಸ್ ಪ್ರೆಸ್ 1990ರಲ್ಲಿ ಹೊರತಂದಿತ್ತು. ಹೆಸರಿನ ಜಾಡು ತಪ್ಪಿತು, ಕಥೆಯ ಜಾಡು ಸಿಕ್ಕಿತು.

ಕಥೆ ಇಷ್ಟೇ. ಆಶಾಳ ತರಗತಿಯವರು ವಿಜ್ಞಾನ ಕೇಂದ್ರ ನೋಡಲು ಹೊರಟಿದ್ದಾರೆ. ಮನೆಯವರ ಸಹಿ ಹಾಕಿಸಿದ ಒಪ್ಪಿಗೆ ಪತ್ರ ತರಬೇಕು. ಆಶಾ ತಂದ ಪತ್ರದಲ್ಲಿ ಇಬ್ಬರು ಅಮ್ಮಂದಿರ ಹೆಸರಿದೆ. ಯಾರಿಗೂ ಇಬ್ಬರು ಅಮ್ಮಂದಿರು ಇರುವುದಿಲ್ಲ, ಸರಿಯಾಗಿ ತುಂಬಿಸಿಕೊಂಡು ಬಾ ಎನ್ನುತ್ತಾರೆ ಟೀಚರು. ಸಹಪಾಠಿಗಳ ನಡುವೆ ಇರಬಹುದು, ಇರಲಾರರು ಎಂಬ ಚರ್ಚೆ ಹತ್ತಿಕೊಳ್ಳುತ್ತದೆ. ಕೊನೆಗೆ ಅಮ್ಮಂದಿರೇ ಶಾಲೆಗೆ ಬಂದು ಮಾತಾಡುತ್ತಾರೆ. ಕಡತಗಳನ್ನು ತಡಕುವುದೇ ಕಸುಬಾದ ನನಗೆ ಇಲ್ಲಿ ನಗು ಬಂತು. ಕೋರ್ಟಿನವರೆಗೆ ಹೋದ ಪುಸ್ತಕದ ಒಳಗಿದ್ದ ಜಗಳವೂ ಒಂದು ಕಾಗದದ್ದೇ!

ದಾವೆಯಲ್ಲಿ ಇನ್ನೆರಡು ಪುಸ್ತಕಗಳಿದ್ದವು. ಲೆಸ್ಲಿಯಾ ನ್ಯೂಮನ್ ಅವರ ‘ಬೆಲಿಂಡಾಸ್ ಬುಕೆ’ಯಲ್ಲಿ ದಪ್ಪಗಿದ್ದೀಯ ಎಂದು ಹಂಗಿಸಿಕೊಂಡ ಹುಡುಗಿಗೆ ಗೆಳೆಯನ ತಾಯಿ ಹೂದೋಟದ ಕಥೆ ಹೇಳಿ ಸಮಾಧಾನ ಮಾಡುತ್ತಾಳೆ. ಆ ಗೆಳೆಯನಿಗೆ ಇಬ್ಬರು ತಾಯಂದಿರು ಎಂಬುದು ಕಥೆಯಲ್ಲಿ ಸುಮ್ಮನೆ ಬಂದು ಹೋಗುವ ಸಂಗತಿ. ಮೂರನೆಯದು ಪ್ರಾಸಬದ್ಧ ಪದ್ಯಕಥೆ. ಅದರಲ್ಲಿ ನೀಲಿ ಬಣ್ಣದ ಅಪ್ಪಂದಿರೂ ಇದ್ದಾರೆ. ಮೂರರಲ್ಲಿ ಯಾವುದರಲ್ಲೂ ಲೈಂಗಿಕತೆಯ ಮಾತಿಲ್ಲ.

ಜೇಮ್ಸ್ ಚೇಂಬರ್ಲೇನ್ ಎಂಬ ಶಿಕ್ಷಕರು ಕಿಂಡರ್‌ಗಾರ್ಟನ್ ಮತ್ತು ಒಂದನೆಯ ತರಗತಿಯಲ್ಲಿ ಕುಟುಂಬದ ಪಾಠಕ್ಕೆ ಇವನ್ನು ಪೂರಕವಾಗಿ ಬಳಸಲು ಅನುಮತಿ ಕೇಳಿದರು. 1997ರ ಏಪ್ರಿಲ್ 24ರಂದು ಸರ್ರೆಯ ಶಾಲಾ ಮಂಡಳಿ ಬೇಡ ಎಂದು ನಿರ್ಣಯ ಮಾಡಿತು. ಹಲವು ಧರ್ಮಗಳ ಪಾಲಕರಿಗೆ ಇದು ಒಪ್ಪಿಗೆಯಿರಲಿಲ್ಲ. ಅವರ ಆತಂಕವನ್ನು ನಾನು ಹಗುರಾಗಿ ಎತ್ತಿ ಬದಿಗಿಡಲಾರೆ. ಮನೆಯಲ್ಲಿ ತಪ್ಪು ಎಂದದ್ದನ್ನು ಶಾಲೆ ಸಹಜ ಎಂದರೆ ಐದಾರು ವರ್ಷದ ಕೂಸಿನ ಮನಸ್ಸು ಇಬ್ಬಂದಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ? ಮಂಡಳಿ ಹಿಡಿದ ವಾದಗಳಲ್ಲಿ ಇದೂ ಒಂದು.

ಮೂರೂ ಹಂತದ ತೀರ್ಪುಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಓದಿದಾಗ ಗೊತ್ತಾದದ್ದು, ಎಲ್ಲರೂ ಜಗ್ಗಾಡಿದ್ದು ಒಂದೇ ವಾಕ್ಯವನ್ನು. ಪ್ರಾಂತದ ಶಾಲಾ ಕಾಯ್ದೆಯ 76ನೆಯ ಕಲಮು ಶಾಲೆಗಳು ಕಟ್ಟುನಿಟ್ಟಾಗಿ ಮತಾತೀತವಾಗಿ, ಪಂಗಡದ ಸೋಂಕಿಲ್ಲದೆ ನಡೆಯಬೇಕು ಎನ್ನುತ್ತದೆ; ಅತ್ಯುನ್ನತ ನೀತಿಯನ್ನು ಕಲಿಸಬೇಕು, ಆದರೆ ಯಾವ ಮತತತ್ತ್ವವನ್ನೂ ಬೋಧಿಸಬಾರದು ಎಂದೂ ಸೇರಿಸುತ್ತದೆ. ಈ ಮಾತಿನ ಬೇರು ಹುಡುಕುತ್ತ ಹಿಂದಕ್ಕೆ ಹೋದರೆ 1872ರ ಕಾಯ್ದೆಯಲ್ಲಿ ಸಿಗುತ್ತದೆ. ಕ್ರೈಸ್ತ ಪಂಗಡಗಳು ಶಾಲೆಗಾಗಿ ತಮ್ಮೊಳಗೇ ಪೈಪೋಟಿ ನಡೆಸುತ್ತಿದ್ದ ಕಾಲದ ವಾಕ್ಯ, ಇಬ್ಬರು ಅಮ್ಮಂದಿರ ಮುಂದೆ ಬಂದು ನಿಂತಿತ್ತು.

1998ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಮೇರಿ ಸಾಂಡರ್ಸ್, ಮಂಡಳಿಯ ನಿರ್ಣಯದ ಮೇಲೆ ಧಾರ್ಮಿಕ ನಂಬಿಕೆಯ ಪ್ರಭಾವ ಬಿದ್ದಿದೆ ಎಂದು ಅದನ್ನು ರದ್ದು ಮಾಡಿದರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುವಿಹಾಕಿತು: ಮತಾತೀತ ಎಂದರೆ ದೇವರನ್ನು ನಂಬುವವರ ಬಾಯಿ ಮುಚ್ಚಿಸುವುದಲ್ಲ, ಅವರ ನೈತಿಕ ನಿಲುವಿಗೂ ಸಾರ್ವಜನಿಕ ಚರ್ಚೆಯಲ್ಲಿ ಜಾಗವಿದೆ. ಸುಪ್ರೀಂ ಕೋರ್ಟು 2002ರ ಡಿಸೆಂಬರ್ 20ರಂದು ಏಳು-ಎರಡರ ಬಹುಮತದಿಂದ ಇನ್ನೊಂದು ದಾರಿ ಹಿಡಿಯಿತು. ಧರ್ಮವನ್ನು ನಂಬುವವರ ಮಾತು ಮಂಡಳಿಗೆ ಬರಲಿ. ಆದರೆ ಊರಿನ ಒಂದು ಗುಂಪಿನ ನಂಬಿಕೆಯನ್ನು ಆಧಾರ ಮಾಡಿಕೊಂಡು ಇನ್ನೊಂದು ಗುಂಪಿನ ಕುಟುಂಬಗಳಿಗೆ ಸಮಾನ ಗೌರವ ಇಲ್ಲ ಎನ್ನುವಂತಿಲ್ಲ.

ಮುಖ್ಯ ನ್ಯಾಯಮೂರ್ತಿ ಬೆವರ್ಲಿ ಮೆಕ್‌ಲಾಕ್ಲಿನ್ ಬರೆದ ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾನೂನಿನ ಮಾತಲ್ಲ, ಊಟದ ಡಬ್ಬಿಯ ಮಾತು. ಮನಸ್ಸಿನ ಇಬ್ಬಂದಿ ಶಾಲೆಯಲ್ಲಿ ದಿನವೂ ಇದ್ದದ್ದೇ ಎನ್ನುತ್ತಾರೆ ಅವರು. ತನ್ನ ಮನೆಯಲ್ಲಿ ತಿನ್ನಬಾರದೆಂದದ್ದನ್ನು ಪಕ್ಕದ ಮಗು ತಿನ್ನುತ್ತಿರುತ್ತದೆ. ತನಗೆ ತೊಡಬೇಡವೆಂದ ಬಟ್ಟೆಯನ್ನು ಇನ್ನೊಂದು ಮಗು ತೊಟ್ಟು ಬರುತ್ತದೆ. ಬಿಸಿಯೂಟದಲ್ಲಿ ಮೊಟ್ಟೆಯೋ ಬಾಳೆಹಣ್ಣೋ ಎಂದು ದೊಡ್ಡವರು ಹೇಳಿಕೆ ಕೊಡುತ್ತಿದ್ದಾಗ ನಮ್ಮ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಎರಡನ್ನೂ ತಿಂದೆದ್ದದ್ದು ನನಗೆ ನೆನಪಾಯಿತು. ಸಹನೆ ಕಲಿಯಲು ಯಾವ ವಯಸ್ಸೂ ಸಣ್ಣದಲ್ಲ ಎಂಬುದು ಅವರ ತೀರ್ಮಾನದ ಸಾರ.

ಭಿನ್ನಮತದ ತೀರ್ಪನ್ನು ಎರಡು ಸಲ ಓದಿದೆ. ನ್ಯಾಯಮೂರ್ತಿಗಳಾದ ಗಾಂತಿಯೇ ಮತ್ತು ಬಾಸ್ತರಾಶ್ ಹೇಳುವುದರಲ್ಲಿ ತೂಕವಿದೆ: ಮಗುವಿನ ನೈತಿಕ ಪಾಲನೆಯಲ್ಲಿ ಮೊದಲ ಮಾತು ತಂದೆತಾಯಿಯದು, ಇಷ್ಟು ಎಳೆಯರಿಗೆ ಈ ವಿಷಯ ಈಗಲೇ ಬೇಕೇ ಎಂಬುದನ್ನು ಊರು ಆರಿಸಿದ ಮಂಡಳಿ ನಿರ್ಧರಿಸಿದರೆ ಅದು ಅವಿವೇಕವಲ್ಲ. ಆದರೆ ‘ಈಗಲೇ ಬೇಕೇ’ ಎಂದು ಕೇಳುವಾಗ ತರಗತಿಯ ಎಲ್ಲ ಮಕ್ಕಳೂ ಅಪ್ಪ ಅಮ್ಮ ಇರುವ ಮನೆಯಿಂದಲೇ ಬಂದವರು ಎಂದು ಅಂದುಕೊಂಡಂತಾಯಿತು. ಆಶಾಳಂಥವಳಿಗೆ ಇದು ಮುಂದೆಂದೋ ಕಲಿಯುವ ಪಾಠವಲ್ಲ. ಬೆಳಿಗ್ಗೆ ತಲೆ ಬಾಚಿ ಕಳಿಸಿದವರ ಹೆಸರು. ಬಹುಮತದ ತೀರ್ಪು ಮಂಡಳಿಯಲ್ಲಿ ಕಂಡ ಕೊರತೆಗಳಲ್ಲಿ ಒಂದು ಇದೇ: ಸಲಿಂಗ ದಂಪತಿಯ ಮಕ್ಕಳಿಗೆ ಏನು ಬೇಕು ಎಂದು ಅದು ಯೋಚಿಸಲೇ ಇಲ್ಲ.

ಈ ಜಗಳ ಅಲ್ಲಿಗೇ ಮುಗಿದಿಲ್ಲ. 2025ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಯ ಪಾಲಕರ ಪರವಾಗಿ ಆರು-ಮೂರರ ಬಹುಮತದ ಆದೇಶ ಕೊಟ್ಟಿತು. ದಾವೆ ನಡೆಯುತ್ತಿರುವಾಗ ಇಂಥ ಕಥೆಪುಸ್ತಕ ಓದುವ ಮುನ್ನ ಪಾಲಕರಿಗೆ ತಿಳಿಸಬೇಕು, ಅವರು ಬೇಡವೆಂದರೆ ಮಗುವನ್ನು ಹೊರಗಿರಲು ಬಿಡಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಬಹಳ. ಕಡತ ನೋಡಿದರೆ ಪ್ರಶ್ನೆಗಳು ಬೇರೆ. ಸರ್ರೆಯದು ಪುಸ್ತಕ ತರಗತಿಯಲ್ಲಿ ಇರಬಹುದೇ ಎಂಬುದು. ಮೇರಿಲ್ಯಾಂಡಿನದು ಅದು ಇರುವಾಗ ತನ್ನ ಮಗುವನ್ನು ಎಬ್ಬಿಸಿ ಕರೆದೊಯ್ಯಬಹುದೇ ಎಂಬುದು.

ನಮ್ಮಲ್ಲಿ ಪ್ರಶ್ನೆ ಪುಸ್ತಕದವರೆಗೂ ಬಂದಿಲ್ಲ, ಕಾಗದದಲ್ಲೇ ನಿಂತಿದೆ. 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಸಲಿಂಗ ಜೋಡಿಗೆ ಮದುವೆಯ ಹಕ್ಕು ಸಿಗಲಿಲ್ಲ. ಜೊತೆಯಾಗಿ ದತ್ತು ಪಡೆಯುವುದಕ್ಕೂ ಬಹುಮತ ಒಪ್ಪಲಿಲ್ಲ. ಹಾಗಾಗಿ ಇಬ್ಬರು ಹೆಂಗಸರು ಸೇರಿ ಸಾಕುವ ಮಗುವಿನ ದತ್ತುಪತ್ರದಲ್ಲಿ ಒಬ್ಬಳ ಹೆಸರಿಗಷ್ಟೇ ಜಾಗ. ಇನ್ನೊಬ್ಬಳು ಕಾಗದದಲ್ಲಿ ಇಲ್ಲವೇ ಇಲ್ಲ.

ಸರ್ರೆಯ ಕಡತದ ಕೊನೆಯ ಹಾಳೆಗೆ ಬರುತ್ತೇನೆ. ಗೆದ್ದ ಮೇಲೆ ಆಶಾ ತರಗತಿಯೊಳಗೆ ಹೋಗಿರಬೇಕೆಂದು ನಾನು ತಿಳಿದಿದ್ದೆ. ಅದೂ ತಪ್ಪು. ಪುಸ್ತಕಗಳನ್ನು ಬಳಸಿ ಎಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿರಲಿಲ್ಲ. ಸರಿಯಾದ ಮಾನದಂಡ ಹಿಡಿದು ಮತ್ತೊಮ್ಮೆ ಯೋಚಿಸಿ ಎಂದು ಮಂಡಳಿಗೇ ವಾಪಸು ಕಳಿಸಿತ್ತು. ಮಂಡಳಿ ಯೋಚಿಸಿತು. 2003ರ ಜೂನ್‌ನಲ್ಲಿ ಮೂರನ್ನೂ ಮತ್ತೆ ಬೇಡವೆಂದಿತು. ಈ ಸಲದ ಕಾರಣಗಳಲ್ಲಿ ಆಶಾಳ ಕಥೆಯ ವ್ಯಾಕರಣವೂ ಸೇರಿತ್ತು. ಇಂಥ ಕುಟುಂಬಗಳನ್ನು ತೋರಿಸುವ ಬೇರೆ ಪುಸ್ತಕಗಳಿಗೆ ಮಾತ್ರ ಒಪ್ಪಿಗೆ ಕೊಟ್ಟಿತು.

ಒಂದು ಲೆಕ್ಕ ಉಳಿದಿತ್ತು. ಚೀಟಿಯ ಹಿಂಬದಿಯಲ್ಲಿ ಹಾಕಿದೆ. 1997ರ ಏಪ್ರಿಲ್‌ನಲ್ಲಿ ಒಂದನೆಯ ತರಗತಿಯಲ್ಲಿದ್ದ ಮಗು 2003ರ ಜೂನ್‌ನಲ್ಲಿ ಏಳನೆಯದನ್ನು ಮುಗಿಸುತ್ತದೆ. ಸರ್ರೆಯಲ್ಲಿ ಪ್ರಾಥಮಿಕ ಶಾಲೆ ಇರುವುದು ಏಳರವರೆಗೆ. ಕಲಿಸಬೇಕೋ ಬೇಡವೋ ಎಂದು ದೊಡ್ಡವರು ತೀರ್ಮಾನಿಸುವಷ್ಟರಲ್ಲಿ ಆ ಮಗು ಬ್ಯಾಗು ಹೆಗಲಿಗೇರಿಸಿ ಹೊರಟಾಗಿತ್ತು.