ನೀರಿನ ಗ್ರಂಥಾಲಯ

ಐಸ್‌ಲ್ಯಾಂಡಿನ ಪಶ್ಚಿಮ ಭಾಗದ ಸ್ಟಿಕ್ಕಿಸ್‌ಹೋಲ್ಮುರ್ ಎಂಬ ಪುಟ್ಟ ಬಂದರು ಪಟ್ಟಣದಲ್ಲಿರುವ, ಗಾಜು ಹಾಗೂ ಹಿಮನದಿಗಳ ನೀರಿನಿಂದ ರಚಿತವಾದ ಕಲಾಕೃತಿ. ಅಲ್ಲಿನವರು ಇದನ್ನು ವತ್ನಸಾಫ್ನ್ ಎನ್ನುತ್ತಾರೆ. ರೂಪಿಸಿದವರು ಅಮೆರಿಕದ ಕಲಾವಿದೆ ರೋನಿ ಹಾರ್ನ್ (ಜನನ 1955). ಲಂಡನ್ನಿನ ಆರ್ಟ್‌ಏಂಜೆಲ್ ಸಂಸ್ಥೆಯ ಬೆಂಬಲದಿಂದ ಸಿದ್ಧವಾದ ಕೃತಿ 2007ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹಾರ್ನ್ 1975ರಿಂದಲೂ ಐಸ್‌ಲ್ಯಾಂಡಿಗೆ ಹೋಗಿಬರುತ್ತಿದ್ದವರು. ಅಷ್ಟು ದೀರ್ಘ ಒಡನಾಟವಿಲ್ಲದೆ ಇಂಥ ಕೃತಿ ಹುಟ್ಟುವುದು ಕಷ್ಟ.

ಊರಿನ ಎತ್ತರದ ಜಾಗದಲ್ಲಿ ಕಡಲಿಗೆ ಮುಖಮಾಡಿ ನಿಂತಿರುವ ಈ ಕಟ್ಟಡ ಮೊದಲು ಊರಿನ ಗ್ರಂಥಾಲಯವಾಗಿತ್ತು. ಪುಸ್ತಕಗಳು ತೆರವಾದ ಕೋಣೆಯಲ್ಲಿ ಈಗ ನೆಲದಿಂದ ಚಾವಣಿ ಮುಟ್ಟುವ 24 ಗಾಜಿನ ಕಂಬಗಳು ಅಲ್ಲಲ್ಲಿ ಚದುರಿದಂತೆ ನಿಂತಿವೆ. ದೇಶದ ಹಲವು ದೊಡ್ಡ ಹಿಮನದಿಗಳಿಂದ ತಂದ ಮಂಜುಗಡ್ಡೆ ಕರಗಿದ ನೀರು ಅವುಗಳಲ್ಲಿ ತುಂಬಿದೆ. ಎಲ್ಲ ಕಂಬಗಳೂ ಒಂದೇ ಬಗೆಯಲ್ಲ. ಕೆಲವುಗಳ ನೀರು ತಿಳಿಯಾಗಿದೆ, ಕೆಲವುಗಳ ತಳದಲ್ಲಿ ಗಸಿ ಕೂತಿದೆ. ಹಿಮನದಿ ಜಾರುವಾಗ ಅಡಿಯ ಬಂಡೆಯನ್ನು ಅರೆದು ನುಣ್ಣನೆಯ ಪುಡಿ ಮಾಡುತ್ತದೆ. ನೀರಿನೊಂದಿಗೆ ಅದೂ ಬರುತ್ತದೆ. ನೀರು ತುಂಬಿದ ದುಂಡು ಗಾಜು ಮಸೂರದಂತೆ ಬೆಳಕನ್ನು ಬಾಗಿಸುವುದರಿಂದ, ಕಂಬದ ಮೂಲಕ ನೋಡಿದರೆ ಕಿಟಕಿಯಾಚೆಯ ದೃಶ್ಯ ಎಡಬಲ ಅದಲುಬದಲಾಗಿ ಕಾಣುತ್ತದೆ. ಆಚೆ ಬದಿಯಲ್ಲಿ ನಡೆದುಹೋಗುವವರೂ ಹಿಗ್ಗಿ ಕುಗ್ಗಿ ಕಾಣುತ್ತಾರೆ. ರಬ್ಬರಿನ ನೆಲಹಾಸಿನಲ್ಲಿ ಹವೆಯನ್ನು ಬಣ್ಣಿಸುವ ಇಂಗ್ಲಿಷ್ ಮತ್ತು ಐಸ್‌ಲ್ಯಾಂಡಿಕ್ ಪದಗಳನ್ನು ಕೂರಿಸಲಾಗಿದೆ. ಅವುಗಳಲ್ಲಿ ಮನುಷ್ಯರ ಸ್ವಭಾವಕ್ಕೂ ಸಲ್ಲುವ ಪದಗಳಿವೆ.

ಊರಿನ ಆಯ್ಕೆಯೂ ಕೃತಿಗೆ ಹೊಂದುತ್ತದೆ. ಆರ್ನಿ ಥೋರ್ಲಾಸಿಯುಸ್ ಎಂಬ ವರ್ತಕ 1845ರಲ್ಲಿ ಇಲ್ಲಿ ಹವೆಯ ದಾಖಲೆ ಇಡಲು ತೊಡಗಿದ. ಐಸ್‌ಲ್ಯಾಂಡಿನ ಅತಿ ದೀರ್ಘ ಹವಾಮಾನ ದಾಖಲೆ ಅಲ್ಲಿಂದ ಶುರುವಾಗುತ್ತದೆ. ಹಾರ್ನ್ ಅದಕ್ಕೆ ಇನ್ನೊಂದು ಬಗೆಯ ದಾಖಲೆಯನ್ನು ಸೇರಿಸಿದರು. ಈ ಸೀಮೆಯ ಜನ ಹವೆಯ ಬಗ್ಗೆ ಹೇಳಿದ ಅನುಭವಗಳನ್ನು ಸಂಗ್ರಹಿಸಿ, ‘ವೆದರ್ ರಿಪೋರ್ಟ್ಸ್ ಯು’ ಎಂಬ ಹೆಸರಿನಲ್ಲಿ ಪುಸ್ತಕವಾಗಿಯೂ ತಂದರು. ಉಷ್ಣಮಾಪಕ ಹೇಳದ ಎಷ್ಟೋ ಸಂಗತಿಗಳನ್ನು ಊರಿನವರ ಮಾತು ಹೇಳುತ್ತದೆ ಎಂಬ ನಂಬಿಕೆ ಈ ಕೆಲಸದ ಹಿಂದಿದೆ. ಕಟ್ಟಡದಲ್ಲಿ ಲೇಖಕರ ವಾಸ್ತವ್ಯಕ್ಕೂ ಏರ್ಪಾಡು ಮಾಡಲಾಗಿತ್ತು.

ಐಸ್‌ಲ್ಯಾಂಡಿನ ನೆಲದ ಸುಮಾರು ಹತ್ತನೇ ಒಂದು ಭಾಗವನ್ನು ಹಿಮನದಿಗಳು ಆವರಿಸಿವೆ. 2000 ಮತ್ತು 2019ರ ನಡುವೆ ಸುಮಾರು 750 ಚದರ ಕಿಲೋಮೀಟರಿನಷ್ಟು, ಅಂದರೆ ಶೇ. 7ರಷ್ಟು ಹಿಮ ಹೊದಿಕೆ ಇಲ್ಲವಾಯಿತು. ತನ್ನ ಭಾರಕ್ಕೆ ತಾನೇ ಜಾರುವಷ್ಟು ದಪ್ಪ ಉಳಿಯದ ಕಾರಣ ‘ಓಕ್’ ಎಂಬುದು ಹಿಮನದಿಯಾಗಿ ಉಳಿದಿಲ್ಲವೆಂದು ತಜ್ಞರು 2014ರಲ್ಲಿ ತೀರ್ಮಾನಿಸಿದರು. 2019ರ ಆಗಸ್ಟ್‌ನಲ್ಲಿ ಆ ಜಾಗದಲ್ಲಿ ಸ್ಮಾರಕ ಫಲಕ ಹಾಕಲಾಯಿತು. ಹಿಮನದಿಗೂ ಸ್ಮಾರಕ ನಿಲ್ಲಿಸಬೇಕಾದ ಕಾಲ ಬಂದದ್ದು ಎದೆಗೆ ತಾಗುವ ಸಂಗತಿ. ಇದರ ಬೆಳಕಿನಲ್ಲಿ 2007ರ ಕಂಬಗಳ ಅರ್ಥ ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದೆ.

ಹಾಗೆಂದು ಕಂಬಗಳು ಹಿಮನದಿಯನ್ನು ಉಳಿಸಿಕೊಂಡಿವೆ ಎನ್ನುವಂತಿಲ್ಲ. ಮಂಜುಗಡ್ಡೆಯ ಪದರಗಳಲ್ಲಿ ವರ್ಷಗಳ ಲೆಕ್ಕವಿರುತ್ತದೆ, ಗುಳ್ಳೆಗಳಲ್ಲಿ ಹಳೆಯ ಕಾಲದ ಗಾಳಿ ಸೆರೆಯಾಗಿರುತ್ತದೆ. ಕರಗಿದ ಕೂಡಲೇ ಎರಡೂ ಹೋಗುತ್ತವೆ. ನಷ್ಟ ಆಗಿಹೋಗಿದೆ ಎಂಬುದನ್ನು ಮರೆಮಾಚದಿರುವುದೇ ಈ ಕೃತಿಯ ಬಲ. ಗಾಜು ನೀರಿನೊಡನೆ ಬೆರೆಯದೆ, ಒಳಗಿರುವುದನ್ನು ಮುಚ್ಚದೆ ಇಷ್ಟು ಕಾಲ ಹಿಡಿದಿಡುತ್ತದೆ. ಬೇರೆ ಯಾವ ಮಾಧ್ಯಮವೂ ಇಲ್ಲಿ ಇಷ್ಟು ಒಪ್ಪುತ್ತಿರಲಿಲ್ಲ.

ಇಲ್ಲಿ ತಪ್ಪಿಹೋದ ಗಾಳಿಯನ್ನೇ ಗಾಜಿನಲ್ಲಿ ಹಿಡಿದ ಕೃತಿ ಬ್ರಿಟನ್ನಿನ ಕಲಾವಿದ ವೇನ್ ಬಿನಿಟೀ ಅವರದು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಜ್ಞಾನಿಗಳು ಮತ್ತು ಅರೂಪ್ ಸಂಸ್ಥೆಯ ಎಂಜಿನಿಯರುಗಳ ಜೊತೆಗೂಡಿ ಅವರು ಸಿದ್ಧಪಡಿಸಿದ ‘ಪೋಲಾರ್ ಝೀರೋ’ ಪ್ರದರ್ಶನ 2021ರ ಹವಾಮಾನ ಶೃಂಗಸಭೆಯ ಹೊತ್ತಿಗೆ ಗ್ಲಾಸ್ಗೋ ವಿಜ್ಞಾನ ಕೇಂದ್ರದಲ್ಲಿ ನಡೆಯಿತು. ಅಂಟಾರ್ಕ್ಟಿಕಾದ ಮಂಜುಗಡ್ಡೆಯಿಂದ ಹೊರತೆಗೆದ, 1765ರ ಕಾಲದ ಗಾಳಿಯನ್ನು ಅಲ್ಲಿ ಗಾಜಿನ ಉರುಳೆಯೊಂದರಲ್ಲಿ ಇರಿಸಲಾಗಿತ್ತು. ಕೈಗಾರಿಕಾ ಯುಗದ ಹೊಗೆ ಇನ್ನೂ ಹರಡದಿದ್ದ ಆ ಕಾಲದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 280 ಭಾಗವಿತ್ತು. ಪ್ರದರ್ಶನ ನಡೆದ ವರ್ಷ ಅದು ಸುಮಾರು 415ಕ್ಕೆ ಏರಿತ್ತು.